ಟೋಸ್ಟಿನ ಗೂಡಿನಲ್ಲಿ ಬೆಳೆದ ಹರಳುಗಳು

"ಈ ಊರಲ್ಲಿ ಹಪ್ಪಳ ಚೆನ್ನಾಗಿ ಒಣಗುತ್ತೆ ಕಣಮ್ಮ, ಹರಳು ಬೆಳೆಯೋಲ್ಲ. ಹರಳನ್ನ ನಾವೇ ಬೆಳೆಸ್ಕೋತೀವಿ ಬಿಡಿ."

ದೂರದ ಒಂದು ದೊಡ್ಡ ಪ್ರಯೋಗಾಲಯದಿಂದ ಬಂದಿದ್ದ ವಿಜ್ಞಾನಿಯೊಬ್ಬರು ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕುಳಿತು ನನಗೆ ಈ ಮಾತು ಹೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು ನಕ್ಕರು. ಆ ನಗು ಎಷ್ಟು ಹೊತ್ತು ನಡೆಯಿತೆಂಬುದೂ ನನಗೆ ನೆನಪಿದೆ. ಜವಾನ ತಂದ ಚಹಾ ಅವರಿಬ್ಬರ ಮುಂದೆ ಇಟ್ಟು ಮುಗಿಯುವವರೆಗೂ ನಡೆಯಿತು. ಮೂರನೆಯ ಕಪ್ಪು ಬರಲಿಲ್ಲ. ಕೋಣೆಯಲ್ಲಿ ಇದ್ದವರು ಮೂವರು. ಆ ಬಾರದ ಕಪ್ಪನ್ನು ನಾನು ಇಂದಿಗೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಆದರೂ ಈಗ ಬರೆಯಲು ಕುಳಿತಾಗ ಕಣ್ಣ ಮುಂದೆ ಬರುವುದು, ಅದೇ ಮಳೆಗಾಲದಲ್ಲಿ ಬೇರೆ ಬಾಗಿಲುಗಳಲ್ಲಿ ಕೇಳದೆಯೇ ನನಗೆ ಸಿಕ್ಕ ಚಹಾ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಪೆಟ್ರೋಲಿನ ಬೆಲೆ ಏರಿದ ಮೇಲೆ ಬೆಂಜೀನ್, ಟಾಲೂಯಿನ್, ಜೈಲೀನ್ ಎಂಬ ಆರೋಮ್ಯಾಟಿಕ್ ದ್ರವಗಳನ್ನು ಕಚ್ಚಾ ತೈಲದ ಹಂಗಿಲ್ಲದೆ ಪಡೆಯಬಹುದೇ ಎಂದು ಹಲವರು ಯೋಚಿಸತೊಡಗಿದ್ದರು. ಬಣ್ಣ, ಔಷಧ, ಪಾಲಿಯೆಸ್ಟರ್ ನೂಲು, ಇವೆಲ್ಲಕ್ಕೂ ಮೂಲ ಈ ದ್ರವಗಳೇ. ಕಲ್ಲಿದ್ದಲನ್ನು ಉಗಿಯೊಂದಿಗೆ ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಅನಿಲ ಬರುತ್ತದೆ. ಅದಕ್ಕೆ ಸಿನ್‌ಗ್ಯಾಸ್ ಎನ್ನುತ್ತಾರೆ. ಆ ಅನಿಲವನ್ನು ಲೋಹದ ಆಕ್ಸೈಡ್ ಮತ್ತು ಜಿಯೋಲೈಟ್ ಬೆರೆತ ಪುಡಿಯ ಮೇಲೆ ಒತ್ತಡದಲ್ಲಿ ಹಾಯಿಸಿದರೆ ಇನ್ನೊಂದು ತುದಿಯಲ್ಲಿ ಆರೋಮ್ಯಾಟಿಕ್ ದ್ರವ ತೊಟ್ಟಿಕ್ಕಬೇಕು. ಲೋಹದ ಭಾಗವನ್ನು ದೊಡ್ಡ ಪ್ರಯೋಗಾಲಯದವರು ಸಿದ್ಧಪಡಿಸಿಕೊಂಡಿದ್ದರು. ಜಿಯೋಲೈಟ್ ಹುಡುಕುತ್ತ ನಮ್ಮ ಕಡೆ ಬಂದಿದ್ದರು. ತಿಕೋಟಾ, ಘೋಣಸಗಿಯ ಸುತ್ತ ಬಾವಿ ತೋಡುವಾಗ ಕರಿಕಲ್ಲಿನ ಪೊಟರೆಗಳಲ್ಲಿ ಬಿಳಿಯ ಹರಳು ಸಿಗುತ್ತದೆ. ಅದೂ ಜಿಯೋಲೈಟ್ ಕುಲದ್ದೇ. ನಾನು ತಿಕೋಟಾದವಳು, ಬಿಜಾಪುರದ ಆ ಕಾಲೇಜಿನಲ್ಲಿ ಕಿರಿಯ ಅಧ್ಯಾಪಕಿ. ಅವರನ್ನು ಬಾವಿಯಿಂದ ಬಾವಿಗೆ ಕರೆದೊಯ್ದವಳೂ ನಾನೇ. ಆ ಹರಳು ಅವರ ಕೆಲಸಕ್ಕೆ ಒದಗಲಿಲ್ಲ. ಹೊರದೇಶದಲ್ಲಿ ಆಗಷ್ಟೇ ತಯಾರಿಸಿದ್ದ ಹೊಸ ಬಗೆಯ ಜಿಯೋಲೈಟನ್ನೇ ಕೃತಕವಾಗಿ ಬೆಳೆಸಬೇಕಿತ್ತು. ಅದನ್ನು ನಾನು ಬೆಳೆಸಿಕೊಡುತ್ತೇನೆ, ಅದೇ ನನ್ನ ಪಿಎಚ್.ಡಿ. ವಿಷಯವಾಗಲಿ ಎಂದು ಕೇಳಿದೆ. ಹಪ್ಪಳದ ಮಾತು ಬಂದದ್ದು ಆಗ.

ಆದರೂ ಅವರು ಒಪ್ಪಿದರು. ಅವರಲ್ಲಿ ಆ ಬೇಸರದ ಕೆಲಸಕ್ಕೆ ಕೈಗಳಿರಲಿಲ್ಲ. ಬೆಳೆಸುವ ಕ್ರಮವನ್ನು ಬರೆದುಕೊಟ್ಟರು. ಜೊತೆಗೆ ಟೆಟ್ರಾಪ್ರೊಪೈಲ್ ಅಮೋನಿಯಂ ಬ್ರೋಮೈಡ್ ಎಂಬ ಲವಣದ ಒಂದು ಚಿಕ್ಕ ಬಾಟಲಿಯನ್ನೂ ಕೊಟ್ಟರು. ಈ ಲವಣದ ಕಣಗಳ ಸುತ್ತ ಸಿಲಿಕಾ ಮತ್ತು ಅಲ್ಯೂಮಿನಾ ಜೋಡಿಸಿಕೊಂಡು ಹರಳಾಗುತ್ತವೆ. ಆಮೇಲೆ ಲವಣವನ್ನು ಸುಟ್ಟು ಹಾಕಿದರೆ ಅದು ಕುಳಿತ ಜಾಗ ಟೊಳ್ಳಾಗಿ ಉಳಿಯುತ್ತದೆ. ಹೀಗಾಗಿ ನಾವು ಅದನ್ನು ಅಚ್ಚಿನ ಲವಣ ಎನ್ನುತ್ತಿದ್ದೆವು. ಅದು ಹೊರದೇಶದಿಂದ ಬರಬೇಕಾದದ್ದು. ಮುಗಿದರೆ ಇನ್ನೊಂದು ಬಾಟಲಿ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಪಾತ್ರೆ ಬೇಕಿತ್ತು. ಸೋಡಿಯಂ ಸಿಲಿಕೇಟು, ಅಲ್ಯೂಮಿನಿಯಂ ಲವಣ ಮತ್ತು ಅಚ್ಚಿನ ಲವಣ ಬೆರೆಸಿದ ಗಂಜಿಯಂಥ ದ್ರವವನ್ನು ಗಾಳಿಯಾಡದಂತೆ ಮುಚ್ಚಿ, ನೂರಾ ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಕೆಲವು ದಿನ ಇಡಬೇಕು. ಒಳಗೆ ಉಗಿಯ ಒತ್ತಡ ಏರುತ್ತದೆ. ಅಂಥ ಪಾತ್ರೆ ಕೊಳ್ಳಲು ಕಾಲೇಜು ಒಪ್ಪಲಿಲ್ಲ. ದೊಡ್ಡ ಪ್ರಯೋಗಾಲಯದವರು ಕೊಟ್ಟ ತುಕ್ಕು ಹಿಡಿಯದ ಉಕ್ಕಿನ ದಪ್ಪ ತುಂಡನ್ನು ಚೀಲದಲ್ಲಿಟ್ಟುಕೊಂಡು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಪಂಪಸೆಟ್ಟಿನ ಡೀಸೆಲ್ ಎಂಜಿನ್ ದುರಸ್ತಿ ಮಾಡುವ ಒಬ್ಬ ಮಿಸ್ತ್ರಿಯ ಬಳಿ ಲೇಥ್ ಇತ್ತು. ನಾನು ಬಿಡಿಸಿದ ಚಿತ್ರವನ್ನು ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಬಾಯಾರ, ಇದು ಕುಕ್ಕರ್ ಏನ್ರೀ? ಸೀಟಿ ಎಲ್ಲಿ ಕೂಡಸ್ಬೇಕು?"

"ಸೀಟಿ ಬ್ಯಾಡ್ರಿ. ಹನಿ ಉಗಿ ಸೈತ ಹೊರಗ ಬರಬಾರದು."

"ಬರಲಿಲ್ಲಂದ್ರ ಒಡೀತದ."

"ಒಡೀಬಾರದು ಅಂತ ನಿಮ್ಮ ಕಡೆ ಬಂದೇನಿ."

ಅವರು ನಕ್ಕು ಚಹಾ ತರಿಸಿದರು. ಅದು ಆ ಮಳೆಗಾಲದ ಮೊದಲ ಚಹಾ. ಮಾಡಿಕೊಟ್ಟ ಪಾತ್ರೆ ಮೊದಲ ಸಲ ಸೋರಿತು, ಮುಚ್ಚಳದ ಅಂಚಿನಿಂದ ಗಂಜಿ ಕುದಿದು ಹೊರಬಂತು. ಎರಡನೆಯ ಸಲವೂ ಸೋರಿತು. ಬಸ್ಸಿನಲ್ಲಿ ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಬಬಲೇಶ್ವರಕ್ಕೆ ಹೊರಟಾಗ ಕಂಡಕ್ಟರ್ ತುಂಬಿದ ಬಸ್ಸಿಗೆಲ್ಲ ಕೇಳುವಂತೆ, "ಅಕ್ಕಾರ ತೋಪಿನ ಗುಂಡು ಹೊತ್ಗೊಂಡ್ ಹೊಂಟಾರ, ಸರದ ಕೂಡ್ರಿಪಾ" ಎಂದ. ಜನ ಸರಿದು ಕೂತರು. ನನಗೆ ಆರಾಮವಾಗಿ ಕೂರಲು ಜಾಗ ಸಿಕ್ಕಿತೆಂಬುದನ್ನೂ ಇಲ್ಲಿ ನ್ಯಾಯವಾಗಿ ದಾಖಲಿಸುತ್ತೇನೆ. ಮಿಸ್ತ್ರಿ ಈ ಸಲ ಮುಚ್ಚಳದಡಿಗೆ ತಾಮ್ರದ ಬಳೆಯೊಂದನ್ನು ಕೂಡಿಸಿ, ಅದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿದ್ದರು. ಬೋಲ್ಟ್ ಬಿಗಿದಾಗ ಆ ತಾಮ್ರ ಅಂಚಿನ ಉಬ್ಬುತಗ್ಗುಗಳಿಗೆ ತಾನೇ ಹೊಂದಿಕೊಂಡಿತು. ಆಮೇಲೆ ಪಾತ್ರೆ ಎಂದೂ ಸೋರಲಿಲ್ಲ.

ಸೋರಿದ್ದು ಕರೆಂಟು. ಕಾಲೇಜಿನ ವಿದ್ಯುತ್ ಒಲೆಯಲ್ಲಿ ಪಾತ್ರೆ ಇಟ್ಟರೆ ದಿನಕ್ಕೆರಡು ಸಲವಾದರೂ ಕರೆಂಟು ಹೋಗುತ್ತಿತ್ತು. ಪಾತ್ರೆ ತಣಿಯುವುದು, ಮತ್ತೆ ಕಾಯುವುದು. ಹೊರಬಂದ ಪುಡಿಯಲ್ಲಿ ಬೇಕಾದ ಹರಳೂ ಇತ್ತು, ಬೇಡದ ಹರಳೂ ಇತ್ತು, ಏನೂ ಆಗದ ಬೂದಿಯಂಥದ್ದೂ ಇತ್ತು. ಇದ್ದುದರಲ್ಲಿ ಶುದ್ಧವಾದ ಭಾಗವನ್ನು ಪರೀಕ್ಷೆಗೆ ಕಳಿಸಿದೆ. ಉತ್ತರ ಬಂತು: ದ್ರವ ಅತಿ ಕಡಿಮೆ, ಪುಡಿ ಕೆಲವೇ ಗಂಟೆಗಳಲ್ಲಿ ಮಸಿ ಹಿಡಿದು ಸತ್ತಿತು, ಹರಳುಗಳು ದಪ್ಪ.

ದಪ್ಪವೆಂದರೆ ಏನು ಕೆಟ್ಟದ್ದೆಂಬುದನ್ನು ಹೇಳಬೇಕು. ಈ ಹರಳು ಎರಡೂ ತುದಿ ಮೊನಚಾದ ಪೆಟ್ಟಿಗೆಯ ಆಕಾರದ್ದು. ಅದರೊಳಗೆ ಅಣು ಹಾಯುವಷ್ಟೇ ಅಗಲದ ಓಣಿಗಳಿವೆ. ನೇರವಾದ ಓಣಿಗಳು ಹೋಗುವುದು ಪೆಟ್ಟಿಗೆಯ ದಪ್ಪದ ದಿಕ್ಕಿನಲ್ಲಿ, ಉಳಿದವು ಸೊಟ್ಟಸೊಟ್ಟ. ಒಳಗೆ ಹುಟ್ಟಿದ ಟಾಲೂಯಿನ್ನೋ ಜೈಲೀನೋ ಹೊರಬರಬೇಕಾದದ್ದು ಮುಖ್ಯವಾಗಿ ಆ ನೇರ ಓಣಿಯಿಂದ. ನಮ್ಮ ಹಳೇ ಪೇಟೆಯ ಸಂದಿಯಲ್ಲಿ ಎತ್ತಿನ ಚಕ್ಕಡಿ ಹೊಕ್ಕದ್ದನ್ನು ಕಂಡವರಿಗೆ ಇದು ಅರ್ಥವಾದೀತು. ಸಂದಿ ಗಿಡ್ಡವಾಗಿದ್ದರೆ ಚಕ್ಕಡಿ ಆಚೆ ಬೀಳುತ್ತದೆ. ಉದ್ದವಾಗಿದ್ದರೆ ನಡುವೆ ಇನ್ನೊಂದು ಎದುರಾಗಿ, ಅದರ ಹಿಂದೆ ಮತ್ತೊಂದು ಸಿಕ್ಕಿಕೊಂಡು ಓಣಿಯೇ ಮುಚ್ಚಿಹೋಗುತ್ತದೆ. ಅಣುಗಳೂ ಹಾಗೆಯೇ ಒಂದಕ್ಕೊಂದು ಕೂಡಿ ಮಸಿಯಾಗುತ್ತವೆ. ಆದ್ದರಿಂದ ನಮಗೆ ಪೆಟ್ಟಿಗೆಗಿಂತ ಬಿಲ್ಲೆ ಬೇಕಿತ್ತು: ಅಗಲವಾಗಿದ್ದರೂ ಸರಿ, ದಪ್ಪ ಮಾತ್ರ ತೆಳುವಾಗಿರಬೇಕು. ತೆಳುವಾಗಿ ಬೆಳೆಸುವುದು ಹೇಗೆಂದು ಆ ಬರೆದುಕೊಟ್ಟ ಕ್ರಮದಲ್ಲಿ ಇರಲಿಲ್ಲ. ಅವರಿಗೂ ತಿಳಿದಿರಲಿಲ್ಲ.

ಉತ್ತರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಪರೀಕ್ಷಾ ಯಂತ್ರ ರಂಜಾನ್ ಹಬ್ಬದ ಮರುವಾರ ಒಮ್ಮೆ ಖಾಲಿಯಿರುತ್ತದೆ, ಆಮೇಲೆ ಬೇರೆ ಕೆಲಸಕ್ಕೆ ಹೋಗುತ್ತದೆ. ಅಷ್ಟರೊಳಗೆ ಒಳ್ಳೆಯ ಮಾದರಿ ಬಂದರೆ ಸರಿ, ಇಲ್ಲವಾದರೆ ಬಿಜಾಪುರದ ಭಾಗವನ್ನು ಮುಕ್ತಾಯಗೊಳಿಸಲಾಗುವುದು. ಮುಕ್ತಾಯವಾಗುವುದು ನನ್ನ ಪಿಎಚ್.ಡಿ.ಯೂ ಹೌದು. ಮುಖ್ಯಸ್ಥರು ಆ ಕಾಗದವನ್ನು ಮೊದಲು ತಾವು ಓದಿ, ಆಮೇಲೆ ಇತರ ಅಧ್ಯಾಪಕರಿಗೆ ಓದಿ ಹೇಳಿ, ಕೊನೆಗೆ ನನಗೆ ಕೊಟ್ಟರು.

ಗೋಳಗುಮ್ಮಟದ ಕಡೆಯ ಒಂದು ಓಣಿಯಲ್ಲಿ ಬೇಕರಿಯಿತ್ತು. ಬಸ್ಸು ತಪ್ಪಿದ ದಿನ ಅಲ್ಲಿ ಟೋಸ್ಟ್ ಕೊಳ್ಳುತ್ತಿದ್ದೆ. ನಡೆಸುತ್ತಿದ್ದವರು ಒಬ್ಬ ವಿಧವೆ ಹೆಂಗಸು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಭಟ್ಟಿಯ ಬೆಂಕಿ ನೋಡಿಕೊಳ್ಳುವವರು ಅವರ ಮೈದುನ. ಒಂದು ಸಂಜೆ ಊರೆಲ್ಲ ಕರೆಂಟು ಹೋಗಿತ್ತು. ಖಾಲಾ ಕಂದೀಲಿನ ಬೆಳಕಿನಲ್ಲಿ ಪೊಟ್ಟಣ ಕಟ್ಟಿಕೊಟ್ಟರು. ಟೋಸ್ಟು ಸುಡುವಷ್ಟು ಬಿಸಿಯಿತ್ತು.

"ಕರೆಂಟ್ ಇಲ್ಲಲ್ಲ ಖಾಲಾ, ಹೆಂಗ ಬೇಯಿಸಿದ್ರಿ?"

"ಯವ್ವಾ, ನನ್ನ ಭಟ್ಟಿಗೆ ಯಾವ ಕರೆಂಟು? ನನ್ನ ಸವತಿ ಇದ್ದಾಂಗ ಅದ ಇದು. ಒಮ್ಮೆ ಕಾಯ್ತಂದ್ರ ಆರಂಗಿಲ್ಲ."

ಇಟ್ಟಿಗೆಯ ಭಟ್ಟಿ. ಬಾಯಿಯ ಪಕ್ಕದಲ್ಲಿ ಟೋಸ್ಟು ಒಣಗಿಸಲು ಒಂದು ಗೂಡು. ನೇರ ಬೆಂಕಿ ತಾಗದೆ ಇಟ್ಟಿಗೆಯ ಕಾವು ಮಾತ್ರ ತಾಗುವ ಜಾಗ. ಪಾವ್ ಬೇಯುವಷ್ಟು ಉರಿ ಅಲ್ಲಿರಲಿಲ್ಲ. ನನಗೆ ಬೇಕಾದ ಕಾವು ಅದೇ ಇರಬಹುದೆಂದು ನಿಂತಲ್ಲಿಯೇ ಅನಿಸಿತು. ಕೇಳಿದೆ. ಮುಚ್ಚಿದ ಪಾತ್ರೆಯೊಂದನ್ನು ಗೂಡಿನಲ್ಲಿಡಬೇಕು ಎಂದ ಕೂಡಲೇ ಮೈದುನ ಒಳಗಿನಿಂದ ಬಂದು, "ಭಾಬಿ, ಬಾಂಬ್ ಗೀಂಬ್ ಇದ್ದೀತು" ಎಂದರು. ಖಾಲಾ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಬಾಂಬ್ ಇಡಾವ್ರು ಕೇಳಿ ಇಡ್ತಾರೇನಲೇ? ಕೂಡ್ರಿ ಬಾಯಾರ, ಚಾ ಕುಡೀರಿ. ಏನ್ ಬೆಳಸ್ತೀರಿ ಅದರಾಗ, ಮೊದಲ ಹೇಳ್ರಿ."

ಹೇಳಿದೆ. ಎಷ್ಟು ಅರ್ಥವಾಯಿತೋ ಕಾಣೆ, ಆದರೆ ಕೇಳಿಸಿಕೊಂಡರು. ನನ್ನ ವಿಭಾಗದಲ್ಲಿ ಅಷ್ಟನ್ನೂ ಯಾರೂ ಕೇಳಿಸಿಕೊಂಡಿರಲಿಲ್ಲ.

ಅಚ್ಚಿನ ಲವಣ ಉಳಿದದ್ದು ಒಂದು ಪೂರ್ತಿ ಪ್ರಮಾಣಕ್ಕೆ ಮತ್ತು ಒಂದೆರಡು ಸಣ್ಣ ಪ್ರಯತ್ನಗಳಿಗೆ ಸಾಕಾಗುವಷ್ಟು. ಮೊದಲು ಸ್ವಲ್ಪವೇ ಗಂಜಿ ಹಾಕಿ ನೋಡುವುದೆಂದು ತೀರ್ಮಾನಿಸಿದೆ. ಒಂದು ಶುಕ್ರವಾರ ತಿಕೋಟಾದಿಂದ ಮೊದಲ ಬಸ್ಸಿಗೆ ಬಂದು, ಪಾತ್ರೆಯನ್ನು ಅಂಗಡಿಯ ಬಾಗಿಲಲ್ಲಿ ಮೈದುನರ ಕೈಗೆ ಕೊಟ್ಟು, ತರಗತಿಗೆ ಓಡಿದೆ. ಗೂಡಿನ ಕಾವು ಅಳೆಯಲು ಥರ್ಮಾಮೀಟರ್ ಬೇಕಿತ್ತು. ಅದಕ್ಕೆ ಮುಖ್ಯಸ್ಥರ ಸಹಿ ಬೇಕಿತ್ತು. "ಬೇಕರಿಗೆ ಸರಕಾರಿ ಸಾಮಾನು ಹೋಗಬಾರದು" ಎಂದು ತಡೆದು, ಅವರು ಸಹಿ ಹಾಕಿದ್ದು ಮರುದಿನ. ಶನಿವಾರ ಅಳೆದಾಗ ಗೂಡು ನೂರಾ ಎಪ್ಪತ್ತರ ಸ್ವಲ್ಪ ಮೇಲಿತ್ತು, ಸಂಜೆಗೂ ಅಷ್ಟೇ ಇತ್ತು. ಕಾಲೇಜಿನ ಒಲೆ ಎಂದೂ ಅಷ್ಟು ನಿಷ್ಠೆ ತೋರಿರಲಿಲ್ಲ.

ಮುಂದಿನ ವಾರ ಪಾತ್ರೆ ಬಿಚ್ಚಿ, ಪುಡಿಯನ್ನು ತೊಳೆಯಲು ಗಾಜಿನ ಲೋಟದ ನೀರಿಗೆ ಹಾಕಿ ಕದಡಿದೆ. ಹಿಂದಿನ ಪುಡಿಗಳು ಮರಳಿನಂತೆ ತಳಕ್ಕೆ ಕುಳಿತಿದ್ದವು. ಇದು ಕುಳಿತುಕೊಳ್ಳಲಿಲ್ಲ. ನೀರು ಸುತ್ತಿದತ್ತ ತಾನೂ ಸುತ್ತುತ್ತ, ಇಳಕಲ್ ಸೀರೆಯ ಸೆರಗು ತಿರುವಿದಂತೆ ಹೊಳಪು ಎದ್ದು ಎದ್ದು ಬೀಳುತ್ತಿತ್ತು. ದುಂಡು ಕಣ ಹಾಗೆ ಹೊಳೆಯುವುದಿಲ್ಲ. ತೆಳು ಬಿಲ್ಲೆಗಳು ಹರಿವಿನ ಜೊತೆ ಮಗ್ಗುಲಾದಾಗ ಮಾತ್ರ ಹೊಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಷ್ಟಪಟ್ಟು ನೋಡಿದಾಗ ಅದು ಖಾತ್ರಿಯಾಯಿತು. ನನಗೆ ಬೇಕಾದ ಆಕಾರ ನನ್ನ ಕೈಯಲ್ಲಿತ್ತು, ಚಿಟಿಕೆಯಷ್ಟು. ಪರೀಕ್ಷೆಗೆ ಸಾಲದಷ್ಟು.

ಮತ್ತೆ ಅದೇ ಪ್ರಮಾಣ ಬೆರೆಸಿ ಸೋಮವಾರ ಇಟ್ಟೆ, ಗುರುವಾರ ತೆಗೆದೆ. ನೀರಿಗೆ ಹಾಕಿದೆ. ಮರಳು. ಕದಡಿದರೆ ಒಂದು ಸುತ್ತು ತಿರುಗಿ ಸೋಮಾರಿಯಂತೆ ತಳ ಸೇರಿತು.

ಅದೇ ಲವಣ, ಅದೇ ನೀರು, ಅದೇ ಪಾತ್ರೆ, ಅದೇ ಗೂಡು. ಏನು ಬದಲಾಯಿತು? ತೂಕಗಳನ್ನೆಲ್ಲ ಮತ್ತೆ ಪರಿಶೀಲಿಸಿದೆ. ಒಂದರಲ್ಲೂ ತಪ್ಪಿರಲಿಲ್ಲ. ಬೇಕರಿಯ ಬೆಂಚಿನ ಮೇಲೆ ಸಪ್ಪೆ ಮುಖ ಮಾಡಿ ಕೂತಿದ್ದಾಗ ಖಾಲಾ ಕೇಳಿದರು.

"ಯಾಕ್ರೀ, ನಿಮ್ಮ ಕೂಸು ಈ ಸಲ ಹೆರಿಗೆ ಆಗ್ಲಿಲ್ಲೇನು?"

"ಹಿಂದಿನ ಸಲ ಛಲೋ ಆಗಿತ್ತು ಖಾಲಾ. ಈ ಸಲ ಕೆಡ್ತು. ಭಟ್ಟಿ ಏನರ ಬ್ಯಾರೆ ಇತ್ತೇನು?"

"ಭಟ್ಟಿ ಏನ್ ಬ್ಯಾರೆ ಇರ್ತದ? ಹೊತ್ತಾರೆಯಿಂದ ಹತ್ತಿ ಉರಿತಿತ್ತು. ಜುಮ್ಮಾ ದಿವಸ ಇಟ್ಟಿದ್ರಿ ನೋಡ್ರಿ, ಅವತ್ತ ಮುಂಜಾನೆ ಆರಿಸಿ ಬೂದಿ ಬಳೀತೀವಿ. ನಮಾಜ್ ಮುಗದ ಮ್ಯಾಗ ಹಚ್ಚೋದು. ಬ್ಯಾರೆ ಅಂದ್ರ ಇಷ್ಟ."

ಮರುದಿನವೇ ಶುಕ್ರವಾರ. ಮುಂಜಾನೆ ಥರ್ಮಾಮೀಟರ್ ಹಿಡಿದು ಗೂಡಿನ ಮುಂದೆ ನಿಂತೆ. ಆರಿದ ಭಟ್ಟಿಯ ಗೂಡು ಪೂರ್ತಿ ತಣ್ಣಗಾಗಿರಲಿಲ್ಲ. ನೀರು ಕುದಿಯುವ ಮಟ್ಟಕ್ಕಿಂತ ತುಸು ಕೆಳಗೆ, ಅಲ್ಲೇ ನಿಂತಿತ್ತು. ಮಧ್ಯಾಹ್ನ ಬೆಂಕಿ ಹಚ್ಚಿದ ಮೇಲೆ ನಿಧಾನವಾಗಿ ಏರಿ ಸಂಜೆಗೆ ಮೇಲಿನ ಮಟ್ಟ ಮುಟ್ಟಿತು. ಅಂದರೆ ನನ್ನ ಮೊದಲ ಪಾತ್ರೆ ಅರ್ಧ ದಿನ ಹದವಾಗಿ ಬೆಚ್ಚಗೆ ಕುಳಿತು, ಆಮೇಲೆ ಕಾದಿತ್ತು. ಆ ಬೆಚ್ಚಗಿನ ಹೊತ್ತಿನಲ್ಲಿ ಗಂಜಿಯೊಳಗೆ ಅಸಂಖ್ಯ ಬೀಜಹರಳುಗಳು ಹುಟ್ಟಿಕೊಂಡಿರಬೇಕು. ಇದ್ದ ಸಿಲಿಕಾ ಅಷ್ಟು ಜನಕ್ಕೆ ಹಂಚಿಹೋದರೆ ಯಾವುದೂ ದಪ್ಪವಾಗಲಾರದು. ಬರೆದುಕೊಟ್ಟ ಕ್ರಮದಲ್ಲಿ ಇದ್ದದ್ದು ನೇರ ಇದಕ್ಕೆ ವಿರುದ್ಧ: ಪಾತ್ರೆಯನ್ನು ಬೇಗನೆ ಪೂರ್ಣ ಕಾವಿಗೆ ಒಯ್ಯಬೇಕು.

ಇದೆಲ್ಲ ನನ್ನ ಊಹೆ. ಊಹೆಯನ್ನು ಪರೀಕ್ಷಿಸಲು ಇನ್ನೊಂದು ಚಿಕ್ಕ ಪ್ರಯತ್ನಕ್ಕೆ ಲವಣವಿರಲಿಲ್ಲ. ಉಳಿದದ್ದು ಕೊನೆಯ ಪೂರ್ತಿ ಪ್ರಮಾಣ. ಅಷ್ಟರಲ್ಲಿ ರಂಜಾನ್ ತಿಂಗಳಲ್ಲಿ ಉಳಿದದ್ದು ಒಂದೇ ಶುಕ್ರವಾರ.

ಮುಖ್ಯಸ್ಥರಿಗೆ ಎಲ್ಲ ವಿವರಿಸಿದೆ. ಅವರು ಹೇಳಿದರು: "ಬರದು ಕೊಟ್ಟ ಪ್ರಕಾರ ಮಾಡ್ರಿ. ಕೆಟ್ರ ಅವರ ಕ್ರಮ ಕೆಟ್ಟಿತು ಅಂತ ಆಗ್ತದ. ನಿಮ್ಮ ಪ್ರಕಾರ ಮಾಡಿ ಕೆಟ್ರ ನೀವು ಕೆಡಿಸಿದ್ರಿ ಅಂತ ಆಗ್ತದ. ಹೆಣ್ಮಕ್ಕಳಿಗೆ ಇಷ್ಟು ಹಟ ಛಲೋ ಅಲ್ಲ." ಮೊದಲ ಮೂರು ವಾಕ್ಯಗಳಲ್ಲಿ ತರ್ಕವಿತ್ತೆಂದು ಒಪ್ಪುತ್ತೇನೆ. ನಾಲ್ಕನೆಯದನ್ನು ಹಾಗೆಯೇ ಕಾಯ್ದಿಟ್ಟುಕೊಂಡಿದ್ದೇನೆ. ಆ ರಾತ್ರಿ ತಿಕೋಟಾದ ಬಸ್ಸಿನಲ್ಲಿ ಕೂತು ನಿರ್ಧರಿಸಿದೆ, ಶುಕ್ರವಾರದ ಕ್ರಮವೇ ಸೈ.

ಇನ್ನೊಂದು ದಾರಿಯಿತ್ತು. ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ದಿನ ಇಟ್ಟು, ಆಮೇಲೆ ಉರಿಯುವ ಭಟ್ಟಿಗೆ ಸೇರಿಸಬಹುದಿತ್ತು. ಅದನ್ನು ಬಹಳ ಯೋಚಿಸಿದೆ. ಆದರೆ ಕೆಲಸ ಮಾಡಿದ್ದು ಆ ಬೆಚ್ಚನೆಯ ಹೊತ್ತೋ, ನಿಧಾನದ ಏರಿಕೆಯೋ, ಪಾತ್ರೆ ಅಲುಗಾಡದೆ ಇದ್ದುದೋ ನನಗೆ ತಿಳಿಯದು. ಪೂರ್ತಿ ತುಂಬುವುದರಿಂದ ಪ್ರಮಾಣ ಹೇಗೂ ಬದಲಾಗುತ್ತಿತ್ತು, ಅದನ್ನು ತಪ್ಪಿಸುವಂತಿರಲಿಲ್ಲ. ಒಂದೇ ಅವಕಾಶ ಉಳಿದಾಗ ಎರಡನೆಯದನ್ನೂ ಬದಲಿಸುವುದು ವಿವೇಕವಲ್ಲ. ಆ ಶುಕ್ರವಾರ ನಡೆದದ್ದು ಯಥಾವತ್ತಾಗಿ ಮತ್ತೆ ನಡೆಯಬೇಕು.

ಬರುವ ಶುಕ್ರವಾರವೂ ಭಟ್ಟಿ ಆರಿಸಬೇಕೆಂದಾಗ ಖಾಲಾ ಮೊದಲ ಸಲ ನನ್ನ ಮೇಲೆ ಸಿಟ್ಟಾದರು.

"ಜುಮ್ಮಾ ದಿವಸ ಆರಸೋದು ಉಳಿದ ವಾರದಾಗ ಬಾಯಾರ. ಇದು ಕಡೀ ಜುಮ್ಮಾ. ಅದಾದ ಮೂರು ದಿವಸಕ್ಕ ಈದ್. ಈ ವಾರ ನನ್ನ ಭಟ್ಟಿ ಹಗಲೂ ರಾತ್ರಿ ಆರಂಗಿಲ್ಲ. ಸಂಜೀಕ ರೋಜಾ ಬಿಡೋ ಹೊತ್ತಿಗೆ ಓಣಿ ಮಂದಿ ಎಲ್ಲಾ ಪಾವ್ ಅಂತ ಬಂದು ನಿಲ್ತಾರ. ಭಟ್ಟಿ ಆರಸಿದ್ರ ನನ್ನನ್ನ ಬೇಯಿಸಿ ತಿಂತಾರ."

"ಈದ್ ಆದ ಮ್ಯಾಲೆ ಇಟ್ರ ಹೊತ್ತ ಮೀರ್ತದ ಖಾಲಾ. ಕಳಸಾಕ ಆಗಂಗಿಲ್ಲ. ನಂದು ಮುಗೀತದ."

"ಏನ್ ಮುಗೀತದ?"

"ಓದೋದು."

ಮೈದುನ ಭಟ್ಟಿಯ ಬಾಯಿಂದಲೇ ಕೂಗಿದರು: "ಭಾಬಿ, ಹೂಂ ಅನಬ್ಯಾಡ! ಬಾಯಾರಿಗೆ ಕಾಲೇಜಿನ್ಯಾಗ ಅಷ್ಟ ದೊಡ್ಡ ಒಲಿ ಅದ, ಅಲ್ಲಿ ಇಡ್ಲಿ."

ನಾನು ಎದ್ದೆ. ಹೆಚ್ಚು ಒತ್ತಾಯಿಸುವ ಹಕ್ಕು ನನಗಿರಲಿಲ್ಲ. ಅವರ ವರ್ಷದ ಅತಿ ದೊಡ್ಡ ವಾರವನ್ನು ನಾನು ಕೇಳುತ್ತಿದ್ದೆ. ಮೆಟ್ಟಿಲಿಳಿಯುವಷ್ಟರಲ್ಲಿ ಖಾಲಾ ಹಿಂದಿನಿಂದ ಕರೆದರು.

"ನಿಲ್ರಿ. ಎಷ್ಟೊತ್ತನಕ ಆರಿರಬೇಕು?"

"ಮುಂಜಾನಿಂದ ನಮಾಜ್ ತನಕ. ಹಿಂದಿನ ಸಲ ಇದ್ದಷ್ಟ."

ಅವರು ಮೈದುನನ ಕಡೆ ತಿರುಗಿ ಹಿಟ್ಟಿನ ಕೊಪ್ಪರಿಗೆ ತೋರಿಸಿದರು. "ಗುರುವಾರನ ಎರಡು ಪಟ್ಟು ಬೇಯಿಸಿ ಇಡೂಣಲೇ. ನಮಾಜ್ ಆದ ಮ್ಯಾಗ ಹಚ್ಚಿದ್ದು ನಿಧಾನ ಕಾಯ್ಲಿ. ಒಂದ್ ದಿವಸ ನಿನ್ನಿನ ಪಾವ್ ತಿಂದ್ರ ಯಾರೂ ಸಾಯಂಗಿಲ್ಲ. ನಾ ಸಾಲಿ ಕಲೀಲಿಲ್ಲ. ಕಲಿಯಾಕಿನ್ನ ಯಾಕ ನಿಲ್ಲಸ್ಲಿ?"

ಆ ಗುರುವಾರ ಅವರಿಬ್ಬರೂ ಬೆವರಿಳಿಸಿ ದುಡಿದದ್ದನ್ನು ನಾನು ಕಣ್ಣಾರೆ ಕಂಡೆ. ಉಪವಾಸವಿದ್ದವರು ನೀರನ್ನೂ ಮುಟ್ಟದೆ ಆ ಉರಿಯ ಮುಂದೆ ನಿಂತಿದ್ದರು. ಶುಕ್ರವಾರ ಬೆಳಗಿನ ಬಸ್ಸಿಗೆ ಪೂರ್ತಿ ತುಂಬಿದ ಪಾತ್ರೆ ಹೊತ್ತು ಬಂದಾಗ ಭಟ್ಟಿ ಆರಿತ್ತು, ಬೂದಿ ಬಳಿದಿತ್ತು, ಗೂಡು ಅದೇ ಹದದಲ್ಲಿ ಬೆಚ್ಚಗಿತ್ತು. ಮೈದುನ ಪಾತ್ರೆ ಒಳಗಿಟ್ಟರು. ಆ ದಿನ ರಜೆ ಹಾಕಿ ನಾನು ಬೆಂಚಿನ ಮೇಲೆಯೇ ಕೂತೆ. ಗಿರಾಕಿಗಳು ಬಂದು ಪಾವ್ ಒತ್ತಿ ನೋಡಿ, "ಖಾಲಾ, ತಣ್ಣಗ ಆಗೇದಲ್ಲ! ಕಡೀ ಜುಮ್ಮಾದಾಗ ನಿನ್ನಿಂದು ಕೊಡ್ತೀಯೇನ ಬೇ?" ಎಂದು ಜಗಳ ತೆಗೆಯುತ್ತಿದ್ದರು.

"ಭಟ್ಟಿದೂ ಇವತ್ತ ರೋಜಾ ಅದ," ಖಾಲಾ ಒಬ್ಬೊಬ್ಬರಿಗೂ ಹೇಳುತ್ತಿದ್ದರು. "ನಮಾಜ್ ಆದ ಮ್ಯಾಗ ಬಿಡ್ತದ. ಬೇಕಾದ್ರ ಒಯ್ರಿ, ಬ್ಯಾಡಾದ್ರ ನಡೀರಿ."

ನಮಾಜು ಮುಗಿಸಿ ಬಂದ ಮೈದುನ ಬೆಂಕಿ ಹಚ್ಚಿದರು. ಥರ್ಮಾಮೀಟರಿನ ಪಾದರಸ ಹಿಂದಿನ ಶುಕ್ರವಾರದಷ್ಟೇ ನಿಧಾನವಾಗಿ ಏರಿತು. ಮುಂದಿನ ದಿನಗಳಲ್ಲಿ ಈದ್‌ನ ಬೇಯಿಸಾಟ ನಡೆಯುವಾಗ ಅವರು ಗೂಡಿನ ಮುಂದೆ ಒಂದು ತಗಡು ನಿಲ್ಲಿಸಿ ಹೆಚ್ಚಿನ ಉರಿ ತಾಗದಂತೆ ನೋಡಿಕೊಂಡರು. ಅದನ್ನು ನಾನು ಕೇಳಿರಲಿಲ್ಲ.

ಈದ್ ಮುಗಿದು ಪಾತ್ರೆ ಬಿಚ್ಚಿದಾಗ ಪ್ರಯೋಗಶಾಲೆಯಲ್ಲಿ ನಾನೊಬ್ಬಳೇ ಇದ್ದೆ. ಪುಡಿಯನ್ನು ನೀರಿಗೆ ಹಾಕಿದೆ. ಕದಡಿದೆ. ಲೋಟದ ತುಂಬ ಹೊಳಪು ಎದ್ದಿತು; ಎದ್ದದ್ದು ಬಹಳ ಹೊತ್ತು ಇಳಿಯಲೇ ಇಲ್ಲ. ತೊಳೆದು, ಒಣಗಿಸಿ, ಕರೆಂಟು ಕೈ ಕೊಡದ ಒಂದು ಮಧ್ಯಾಹ್ನ ಕುಲುಮೆಯಲ್ಲಿ ಅಚ್ಚಿನ ಲವಣವನ್ನು ಸುಟ್ಟು, ಪರೀಕ್ಷೆಗೆ ಕಳಿಸಿದೆ.

ಫಲಿತಾಂಶ ತಂದವರು ಅದೇ ವಿಜ್ಞಾನಿ, ತಾವೇ ಬಂದರು. ದ್ರವ ಹಿಂದಿನದಕ್ಕಿಂತ ಎಷ್ಟೋ ಹೆಚ್ಚು ಬಂದಿತ್ತು, ಅದರಲ್ಲಿ ಬಹುಪಾಲು ಆರೋಮ್ಯಾಟಿಕ್. ಅದಕ್ಕಿಂತ ಮುಖ್ಯವಾಗಿ, ಹಿಂದೆ ಗಂಟೆಗಳಲ್ಲಿ ಸತ್ತ ಪುಡಿ ಈ ಸಲ ದಿನಗಟ್ಟಲೆ ಬದುಕಿತ್ತು. ಬಿಜಾಪುರದ ಭಾಗ ಮುಂದುವರಿಯುತ್ತದೆ, ಅಚ್ಚಿನ ಲವಣದ ದೊಡ್ಡ ಬಾಟಲಿ ಬರುತ್ತದೆ ಎಂದರು. ಕೆಲಸ ಒಳ್ಳೆಯದಾಗಿದೆಯೆಂದೂ ನೇರವಾಗಿ ಹೇಳಿದರು. ಆ ಮಾತನ್ನು ಕೂಡ ಇಲ್ಲಿ ಬರೆಯಲೇಬೇಕು. ಕೆಟ್ಟದ್ದನ್ನು ಮಾತ್ರ ಲೆಕ್ಕವಿಟ್ಟರೆ ನನ್ನ ನೆನಪಿಗೆ ನಾನೇ ಮೋಸ ಮಾಡಿದಂತೆ.

ಆದರೆ ಪ್ರಕಟಣೆಗೆ ಅವರು ಸಿದ್ಧಪಡಿಸಿದ ಬರಹದಲ್ಲಿ ಬೇಕರಿಯ ಮಾತಿರಲಿಲ್ಲ. "ಎರಡು ಹಂತದ ತಾಪನ" ಎಂದಷ್ಟೇ ಇತ್ತು.

"ಬೇಕರಿ ಅಂತ ಬರೆದ್ರೆ ನೋಡ್ದೋರು ನಗ್ತಾರಮ್ಮ," ಎಂದರು.

"ನಗಲಿ ಸರ್. ಮಾಡಿದ್ದು ಅಲ್ಲೇ. ಅದು ಬರುವವರೆಗೆ ನನ್ನ ಸಹಿ ಬರುವುದಿಲ್ಲ."

ಬಹಳ ಎಳೆದಾಟದ ಮೇಲೆ "ಇಟ್ಟಿಗೆಯ ಒಲೆ" ಎಂಬಲ್ಲಿಗೆ ಬಂದು ನಿಂತಿತು. ಸಹಿ ಹಾಕಿದೆ, ಸಮಾಧಾನವಾಗಲಿಲ್ಲ. ಅದು ಬೇಕರಿಯ ಭಟ್ಟಿ. ಟೋಸ್ಟು ಒಣಗಿಸುವ ಗೂಡು. ಅಚ್ಚಾಗದೇ ಉಳಿದ ಆ ಎರಡು ಮಾತುಗಳನ್ನು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಹೊಸ ಬಾಟಲಿ ಬಂದ ಮೇಲೆ ಒಂದೊಂದನ್ನೇ ಬದಲಿಸಿ ನೋಡಿದಾಗ ಊಹೆ ಸರಿಯೆಂದು ತಿಳಿಯಿತು. ಕೆಲಸ ಮಾಡಿದ್ದು ಶುಕ್ರವಾರದ ಆ ಬೆಚ್ಚನೆಯ ಅರ್ಧ ದಿನವೇ.

ಆ ವಿಜ್ಞಾನಿ ಬಂದಾಗ ಒಂದು ಪುಟ್ಟ ಶೀಶೆಯಲ್ಲಿ ಆ ದ್ರವವನ್ನು ತಂದುಕೊಟ್ಟಿದ್ದರು. ಅವರು ಹೊರಟ ಸಂಜೆಯೇ ಅದನ್ನು ಬೇಕರಿಗೆ ಒಯ್ದೆ. ಖಾಲಾ ಹಿಟ್ಟಿನ ಕೈ ಒರೆಸಿಕೊಂಡು ಶೀಶೆಯನ್ನು ಬೆಳಕಿಗೆ ಹಿಡಿದರು.

"ಇಷ್ಟನ? ಅಷ್ಟ ದೊಡ್ಡ ಗುಂಡಿನಾಗಿಂದ ಇಷ್ಟ ಬಂತೇನು?"

"ಗುಂಡಿನಾಗಿಂದ ಪುಡಿ ಬಂತು ಖಾಲಾ. ಪುಡಿ ಮ್ಯಾಲೆ ಇದ್ದಲಿ ಗಾಳಿ ಹಾಯಿಸಿದ್ರ ಇದು ಬಂತು. ದೂರಿಂದ ನೋಡ್ರಿ ವಾಸನಿ, ಹತ್ತರ ಹಿಡೀಬ್ಯಾಡ್ರಿ."

ಅವರು ಬಿರಡೆ ತೆಗೆದು ಮೂಗಿಗೆ ಹಿಡಿದೇಬಿಟ್ಟರು. ಮುಖ ಕಿವಿಚಿತು. "ಇಶ್ಶಿ! ಬಾಗಲಕ್ಕ ಬಣ್ಣ ಹಚ್ಚಾವ್ರ ಮೈ ನಾತ ಇದ್ದಾಂಗ ಅದ. ಇದರ ಸಲವಾಗಿ ನಾ ಓಣಿ ಮಂದಿ ಕಡೆ ಬೈಸ್ಕೊಂಡೆ?" ಮೈದುನನಿಗೆ ಕೊಟ್ಟರು. ಅವರೂ ಮೂಸಿ, ಕೆಮ್ಮಿ, ಶೀಶೆಯನ್ನು ಜೋಪಾನವಾಗಿ ನನ್ನ ಕೈಗಿಟ್ಟರು.

"ಓದೋದು ಉಳೀತೇನ್ರಿ ಮತ್ತ?" ಖಾಲಾ ಕೇಳಿದರು.

"ಉಳೀತು ಖಾಲಾ. ಮುಂದವರೀತದ. ಇನ್ನೂ ಭಾಳ ಸಲ ಮಾಡಿ ನೋಡ್ಬೇಕಾಗೇದ."

ಅವರು ನನ್ನ ಮುಂದೆ ಚಹಾದ ಬಶಿ ಸರಿಸಿ, ಕೊಪ್ಪರಿಗೆಯತ್ತ ತಿರುಗಿದರು.

"ಹಂಗಾರ ಯಾವ್ಯಾವ ದಿವಸ ಆರಸ್ಬೇಕು, ಮೊದಲ ಹೇಳಿಬಿಡ್ರಿ ಬಾಯಾರ. ಗಿರಾಕಿ ಮಂದಿಗೆ ಹೇಳಿ ಇಡ್ತೇನಿ."